ಊಟ ಬೇಡವೆನ್ನುವ ಇಲಿಗಳನ್ನು ಬಲವಂತಪಡಿಸಕೂಡದೆಂಬ ಬಗ್ಗೆ

ಪ್ರಾಣಿ ಉಪಚಾರ ಶಾಖೆ, ಕೆಳ ಅಂತಸ್ತು
ಸಂಖ್ಯೆ: ಪ್ರಾ.ಉ.ಶಾ./ಇಲಿ/ಊಟ/ಮತ್ತೊಮ್ಮೆ
ದಿನ: ಶುಕ್ರವಾರ, ಹೊಟ್ಟು ಬದಲಿಸುವ ವೇಳೆ

ಸುತ್ತೋಲೆ

ವಿಷಯ: ಹಸಿವು ತಗ್ಗಿಸುವ ಔಷಧ ಪಡೆಯುತ್ತಿರುವ ಇಲಿಗಳನ್ನು ಊಟ ಮಾಡುವಂತೆ ಬೇಡಿಕೊಳ್ಳುವುದು, ಗದರುವುದು, ಆಣೆ ಹಾಕುವುದು ಇತ್ಯಾದಿಗಳನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: (1) ಇದೇ ವಿಷಯದ ಹಿಂದಿನ ಸುತ್ತೋಲೆ. (ಅದನ್ನು ಗೂಡುಗಳ ತಳಕ್ಕೆ ಹಾಸಲಾಗಿದೆ ಎಂದು ತಿಳಿದುಬಂದಿದೆ.)
(2) ಹಿಂಬಾಗಿಲಲ್ಲಿ ಹೊಟ್ಟಿನ ಚೀಲ ಹರಿದದ್ದು.
(3) ಪ್ರಾಣಿ ಯೋಗಕ್ಷೇಮ ಮಂಡಳಿಗೆ ಬರೆದು, ಇನ್ನೂ ಹೊರಡದ ಪತ್ರ.

ಗೂಡಿನ ತಟ್ಟೆ ಒರೆಸುತ್ತಿರುವವರು ಒರೆಸುವುದನ್ನು ನಿಲ್ಲಿಸಬೇಕಾಗಿಲ್ಲ. ಒಂದು ಕೈಯಲ್ಲಿ ಬಟ್ಟೆ, ಒಂದು ಕೈಯಲ್ಲಿ ಈ ಹಾಳೆ ಹಿಡಿದು, ಹಾಳೆಯಿಂದ ತಟ್ಟೆ ಒರೆಸದಂತೆ ಎಚ್ಚರ ವಹಿಸಿ, ಓದಿಕೊಳ್ಳತಕ್ಕದ್ದು. ನೀರಿನ ಬಾಟಲಿ ತುಂಬುತ್ತಿರುವವರು ನಲ್ಲಿ ನಿಲ್ಲಿಸಿ ಓದತಕ್ಕದ್ದು; ಹೋದ ಸಲ ಓದುತ್ತಾ ಓದುತ್ತಾ ಓಣಿಯೆಲ್ಲ ನೀರಾಗಿತ್ತು.

ಈ ಶಾಖೆಯಲ್ಲಿ ನಡೆಯುತ್ತಿರುವ ಪ್ರಯೋಗವು ಏನೆಂದು ಹಲವು ಬಾರಿ ತಿಳಿಸಲಾಗಿದ್ದರೂ ಯಾರೂ ಕೇಳಿಸಿಕೊಂಡಂತೆ ಕಾಣದ ಕಾರಣ ಇನ್ನೊಮ್ಮೆ ತಿಳಿಸಲಾಗಿದೆ. ಗೋಡೆ ಕಡೆಯ ಸಾಲಿನ ಇಲಿಗಳಿಗೆ ಹಸಿವು ತಗ್ಗಿಸುವ ಔಷಧ ಕೊಡಲಾಗುತ್ತದೆ. ಅವು ತಿನಿಸು ಕಂಡರೆ ಮುಖ ತಿರುಗಿಸುವುದರಿಂದ ಸಿಬ್ಬಂದಿಯವರು ಅದನ್ನು "ಅಳಿಯಂದಿರ ಸಾಲು" ಎಂದು ಕರೆಯುತ್ತಾರೆ. ಕಿಟಕಿ ಕಡೆಯ ಸಾಲಿಗೆ ಔಷಧವಿಲ್ಲ. ಅಳಿಯ ನಿನ್ನೆ ಎಷ್ಟು ತಿಂದನೋ ಅಷ್ಟನ್ನೇ ತೂಗಿ, ಕಿಟಕಿ ಕಡೆ ಕೂತಿರುವ ಅವನ ಜೋಡಿಗೆ ಇವತ್ತು ಕೊಡಲಾಗುತ್ತದೆ. ಅದು "ಭಾವಮೈದುನರ ಸಾಲು". ಇಬ್ಬರೂ ಒಂದೇ ಸಮ ತಿಂದಾಗ ಅಳಿಯ ಮಾತ್ರ ಹೆಚ್ಚು ಇಳಿದರೆ, ಔಷಧ ಮೈಯೊಳಗೂ ಏನೋ ಮಾಡುತ್ತಿದೆ, ತಿಂದದ್ದನ್ನು ಸುಟ್ಟು ಹಾಕುತ್ತಿದೆ ಎಂದು ಅರ್ಥ. ಇಬ್ಬರೂ ಸಮನಾಗಿ ಇಳಿದರೆ ಬರೀ ಊಟ ಕಡಿಮೆಯಾಗಿ ಇಳಿದದ್ದು ಎಂದು ಅರ್ಥ. ಇಷ್ಟೇ ಪ್ರಯೋಗ. ಇದರಲ್ಲಿ ಕಣ್ಣೀರು ಹಾಕುವಂಥದ್ದು ಏನೂ ಇಲ್ಲ ಎಂದು ಯೋಜನೆಯ ಮೊದಲ ಪುಟದಲ್ಲಿ ನಮೂದಿಸಲಾಗಿದೆ.

ಆದಾಗ್ಯೂ ತಿನಿಸು ಹಾಕುವ ಸಿಬ್ಬಂದಿ (ಎಲ್ಲರ ಬಾಯಲ್ಲಿ "ಊಟದಮ್ಮ") ಇವರು, ಅಳಿಯ ತಿನ್ನದ ತಪ್ಪಿಗೆ ಭಾವಮೈದುನ ಉಪವಾಸ ಬೀಳುವುದನ್ನು ನೋಡಲಾರದೆ, ಅಳಿಯಂದಿರ ಗೂಡಿನ ಮುಂದೆ ಬೆತ್ತದ ಕುಳ್ಳು ಪೀಠ, ಅಂದರೆ ಮೋಡಾ, ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೂ ಓಲೈಸಿ ತಿನ್ನಿಸಲು ತೊಡಗಿದರು. ವಿಚಾರಣೆಯಲ್ಲಿ ಅವರ ಹೇಳಿಕೆಯನ್ನು ಇದ್ದದ್ದು ಇದ್ದಂತೆಯೇ ದಾಖಲಿಸಲಾಗಿದೆ: "ಅವನು ತಿಂದ್ರೆ ತಾನೇ ನಾಳೆ ಇವನಿಗೆ ಸಿಗೋದು? ಇವನೇನು ಪಾಪ ಮಾಡಿದಾನೆ ಹೇಳಿ ಸಾರ್. ಔಷಧಿ ಅವನಿಗೆ, ಉಪವಾಸ ಇವನಿಗೆ. ಯಾವೂರ ನ್ಯಾಯ ಇದು?" ಈ ಪ್ರಶ್ನೆಯು ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಮಾನಿಸಲಾಯಿತು.

ಓಲೈಸಲಾಗಿ ಅಳಿಯಂದಿರು ತಿನಿಸಿನ ತುಂಡುಗಳನ್ನು ಕೈಗೆ ತೆಗೆದುಕೊಂಡರು. ಬಟ್ಟಲು ಖಾಲಿಯಾಯಿತು. ಖಾಲಿ ಬಟ್ಟಲನ್ನು ತೂಗಿ "ಪೂರ್ತಿ ತಿಂದಿದೆ" ಎಂದು ಬರೆಯಲಾಯಿತು. ಭಾವಮೈದುನರಿಗೆ ಪೂರ್ತಿ ಊಟ ಸಿಕ್ಕಿ ಅವರು ಗುಂಡಗಾದರು. ಅಳಿಯಂದಿರು ಮಾತ್ರ ಒಣಗುತ್ತಾ ಹೋದರು. ಇದನ್ನು ಕಂಡು ಮೇಲಿನ ಅಂತಸ್ತಿನ ಡಾಕ್ಟರು, ಹೊಟ್ಟೆ ತುಂಬ ತಿಂದರೂ ಮೈ ಕರಗಿಸುವ ಔಷಧ ಸಿಕ್ಕಿತೆಂದು ಕುಣಿದಾಡಿದರು. ಮುಖ್ಯಸ್ಥರು ಫೋಟೋ ತೆಗೆಸಿಕೊಂಡರು. ಈ ಸಾಧನೆಯ ಬಗ್ಗೆ ಗೋಡೆಗೆ ಹೆಸರಿನ ಕಲ್ಲು ಕೆತ್ತಿಸಲಾಯಿತು. ಬರುವ ಸೋಮವಾರ ಅತಿಥಿಗಳು ನೋಡಲು ಬರುವುದರಿಂದ, ಪರಿಣಾಮ ಕಣ್ಣಿಗೆ ಹೊಡೆಯುವಂತೆ ಇರಲಿ ಎಂದು ಅದೇ ದಿನ ಬೆಳಿಗ್ಗೆಯಿಂದ ಔಷಧವನ್ನು ಎರಡರಷ್ಟು ಮಾಡಲು ಆದೇಶವಾಗಿದೆ.

ಇಷ್ಟಾದ ಮೇಲೆ ಹಿಂಬಾಗಿಲಲ್ಲಿ ಹೊಟ್ಟಿನ ಚೀಲ ಹರಿಯಿತು. ಗೂಡುಗಳ ಮರದ ಹೊಟ್ಟು ಬದಲಿಸುವ ಸಿಬ್ಬಂದಿ ("ಹೊಟ್ಟಿನಣ್ಣ") ಹಳೇ ಹೊಟ್ಟನ್ನು ಗುಡಿಸಲು ಹೋದಾಗ ಅದರೊಳಗಿಂದ ತಿನಿಸಿನ ತುಂಡುಗಳು ರಾಶಿರಾಶಿಯಾಗಿ ಉದುರಿದವು. ಹೊಟ್ಟಿನಣ್ಣನ ಮೌಖಿಕ ವರದಿ: "ಅಮ್ಮಾ, ಇವು ತಿಂದೇ ಇಲ್ಲ. ಎಲ್ಲಾ ಹೊಟ್ಟೊಳಗೆ ಬಚ್ಚಿಟ್ಟಿವೆ." ಊಟದಮ್ಮ ಅಲ್ಲೇ ಕುಸಿದು ಕೂತು, "ನನ್ನ ಮನಸ್ಸು ನೋಯಬಾರದು ಅಂತ ಹೀಗೆ ಮಾಡಿವೆ ನೋಡಿ" ಎಂದರು. ಡಾಕ್ಟರು, "ಹಾಗಾದ್ರೆ ನನ್ನ ಗ್ರಾಫು?" ಎಂದರು.

ಗ್ರಾಫಿನ ಮಾತು ಹಾಗಿರಲಿ. ಅಳಿಯಂದಿರು ಇಷ್ಟು ದಿನ ಹೆಚ್ಚುಕಮ್ಮಿ ಏನನ್ನೂ ತಿಂದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗಿದೆ. ಸಾಲಿನ ತುದಿಯ "ಹಿರೀ ಅಳಿಯ" ನೀರಿನ ನಳಿಗೆಯವರೆಗೆ ಏಳಲಾರದೆ ಅರ್ಧಕ್ಕೇ ಕೂತು ಸುಧಾರಿಸಿಕೊಳ್ಳುತ್ತಾನೆ. ಸೋಮವಾರ ಔಷಧ ಎರಡರಷ್ಟಾದರೆ ಆ ಸಾಲಿನಲ್ಲಿ ಮಂಗಳವಾರ ಯಾರಿಗೂ ನೀರು ಬೇಕಾಗುವುದಿಲ್ಲ. ಈ ವಾಕ್ಯವನ್ನು ಮುಖ್ಯಸ್ಥರ ಸೂಚನೆಯಂತೆ ಒಮ್ಮೆ ಹೊಡೆದುಹಾಕಲಾಗಿತ್ತು, ಮತ್ತೆ ಬರೆಯಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ, ತಪ್ಪಿನ ಮೂಲವು ಓಲೈಕೆಯೇ ಆಗಿರುವುದರಿಂದ, ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

1. ಇಲಿಗಳನ್ನು ಊಟಕ್ಕೆ ಬಲವಂತಪಡಿಸತಕ್ಕದ್ದಲ್ಲ. ಕೊಠಡಿಯಲ್ಲಿ ಕೇಳಿಬಂದಿರುವ ಈ ಕೆಳಗಿನ ಮಾತುಗಳನ್ನು ಇನ್ನು ಮುಂದೆ ಯಾರೂ ಆಡತಕ್ಕದ್ದಲ್ಲ:
(ಅ) "ಒಂದೇ ಒಂದು ತುತ್ತು ನನ್ನಪ್ಪ. ಆಮೇಲೆ ಇನ್ನೊಂದು ತಿನ್ನು ಅಂದ್ರೆ ಕೇಳು."
(ಆ) "ಬೆಳಗ್ಗೆಯಿಂದ ನಿನಗೋಸ್ಕರ ಕಾದು ಕೂತಿದೀನಿ. ಈ ಮುಖ ನೋಡಿಯಾದ್ರೂ ತಿನ್ನಬಾರದಾ?"
(ಇ) "ನೋಡು, ಪಕ್ಕದ ಗೂಡಿನವನು ಹೇಗೆ ಜಾಣನ ಹಾಗೆ ತಿಂದ!" (ಪಕ್ಕದ ಗೂಡಿನವನೂ ತಿಂದಿರಲಿಲ್ಲ. ಸುಳ್ಳು ಹೇಳಿದ ಆರೋಪ ಪ್ರತ್ಯೇಕ.)
(ಈ) "ತಿಂತೀಯೋ, ಬೆಕ್ಕನ್ನ ಕರೀಲೋ?" ಈ ಶಾಖೆಗೆ ಬೆಕ್ಕಿನ ಹುದ್ದೆ ಮಂಜೂರಾಗಿಲ್ಲ. ಇಲ್ಲದ ಹುದ್ದೆಯ ಹೆಸರಿನಲ್ಲಿ ಬೆದರಿಸುವುದು ಗಂಭೀರ ಲೋಪ.
(ಉ) "ಬೇಡ್ವಾ? ಬಿಡು. ನನಗೇನು. ನಾನ್ಯಾರು ನಿನಗೆ." ಇದೂ ಓಲೈಕೆಯೇ, ಮತ್ತು ಇರುವುದರಲ್ಲೆಲ್ಲ ಕೆಟ್ಟದ್ದು.

2. ಮಾತಾಡದೆ ಬರೀ ಕೂತು ನೋಡಿದೆ ಎಂಬ ಸಮಜಾಯಿಷಿಯನ್ನು ಒಪ್ಪಲಾಗುವುದಿಲ್ಲ. ಯಾವ ರೀತಿ ನೋಡಲಾಯಿತು ಎಂಬುದು ಮುಖ್ಯ.

3. ಗೂಡಿನಿಂದ ಒಂದು ಮೊಳದೊಳಗೆ ನಿಟ್ಟುಸಿರು ಬಿಡತಕ್ಕದ್ದಲ್ಲ. ತಡೆಯಲಾಗದಿದ್ದಲ್ಲಿ ಓಣಿಗೆ ಬಂದು, ಬಾಗಿಲು ಮುಂದೆಳೆದುಕೊಂಡು, ಒಂದೇ ಸಲಕ್ಕೆ ಪೂರ್ತಿ ಬಿಟ್ಟು ಮುಗಿಸಿ ಒಳಗೆ ಬರತಕ್ಕದ್ದು. ಕಂತುಕಂತಾಗಿ ಬಿಡುವ ಪದ್ಧತಿಯನ್ನು ರದ್ದುಗೊಳಿಸಲಾಗಿದೆ.

4. ಸಿಬ್ಬಂದಿಯವರು ಊಟ ಮುಗಿಸಿ ಕೊಠಡಿಗೆ ಬರುವಾಗ ಬಾಯಿ ಒರೆಸಿಕೊಂಡು, ಊಟವೇ ಮಾಡಿಲ್ಲವೇನೋ ಎಂಬಂತೆ ಬರತಕ್ಕದ್ದು. ತೇಗುವುದು ಆಹಾರದ ಪ್ರಚಾರವಾಗುತ್ತದೆ. ತೇಗು ಬಂದವರು ಪ್ರಯೋಗಕ್ಕೆ ಸಂಬಂಧಪಡದ ಮೊಲಗಳ ಕೊಠಡಿಯನ್ನು ಬಳಸಿಕೊಳ್ಳಬಹುದು.

5. ಮುಖಭಾವದ ಬಗ್ಗೆ. ಇಲಿ ತಿಂದಾಗ ಅರಳುವುದು, ತಿನ್ನದಿದ್ದಾಗ ಬಾಡುವುದು, ಎರಡೂ ಇಲಿಗಳ ಮೇಲೆ ಪ್ರಭಾವ ಬೀರುತ್ತವೆ. ಆದ್ದರಿಂದ ಉಗ್ರಾಣದವರ ಮುಖವನ್ನು ಮಾದರಿ ಮುಖವೆಂದು ಘೋಷಿಸಲಾಗಿತ್ತು. ಕೆಲಸಕ್ಕೆ ಸೇರಿದಂದಿನಿಂದ ಆ ಮುಖದಲ್ಲಿ ಏನೂ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಅದನ್ನು ನೋಡಿ, ಅದರಂತೆ ಮಾಡಿಕೊಂಡು ಒಳಗೆ ಹೋಗಬೇಕಿತ್ತು. ನಿನ್ನೆ ಹಿರೀ ಅಳಿಯ ನಳಿಗೆಯಿಂದ ಜಾರಿ ಬಿದ್ದಾಗ ಮಾದರಿ ಮುಖವೇ ಕದಲಿದ್ದರಿಂದ ಸದರಿ ವ್ಯವಸ್ಥೆಯನ್ನು ಹಿಂಪಡೆಯಲಾಗಿದೆ. ಮುಂದಿನ ಆದೇಶದವರೆಗೆ ಗೋಡೆ ಗಡಿಯಾರವನ್ನು ನೋಡಿಕೊಂಡು ಮುಖ ಮಾಡಿಕೊಳ್ಳತಕ್ಕದ್ದು. ಅದು ನಿಂತಿದೆ, ಇನ್ನೂ ಒಳ್ಳೆಯದು.

6. ಇಲಿಗಳನ್ನು "ರಾಜ", "ಕಂದ", "ಬಂಗಾರ", "ಪೋಲಿ" ಎಂದೆಲ್ಲ ಕರೆಯದೆ ಗೂಡಿನ ಸಂಖ್ಯೆಯಿಂದಲೇ ಕರೆಯತಕ್ಕದ್ದು. ಸಂಖ್ಯೆಯನ್ನೂ "ಏಳು ಮರೀ", "ಹನ್ನೊಂದಪ್ಪಾ" ಎಂದು ರಾಗ ಎಳೆದು ಕರೆಯುವುದು ಗಮನಕ್ಕೆ ಬಂದಿದೆ. ರಾಗವಿಲ್ಲದೆ ಕರೆಯತಕ್ಕದ್ದು.

7. ಇಲಿಗಳಿಗೆ ಸಂಬಂಧಿಸಿದಂತೆ: ತಿನ್ನಲು ಮನಸ್ಸಿಲ್ಲದ ಇಲಿಯು ತಿನ್ನಲಿಲ್ಲ ಎಂದು ನೇರವಾಗಿ ತೋರಿಸತಕ್ಕದ್ದು. ಯಾರದೋ ಮನಸ್ಸು ನೋಯುತ್ತದೆಂದು ತುಂಡು ತೆಗೆದುಕೊಂಡು, ಅವರು ಆ ಕಡೆ ತಿರುಗಿದಾಗ ಹೊಟ್ಟಿನಲ್ಲಿ ಹೂಳುವುದು ದಾಖಲೆ ತಿದ್ದಿದ್ದಕ್ಕೆ ಸಮ. ಈ ಬಗ್ಗೆ ಕಾರಣ ಕೇಳಿ ಹಿರೀ ಅಳಿಯನ ಗೂಡಿಗೆ ನೋಟಿಸು ಅಂಟಿಸಲಾಗಿತ್ತು. ಉತ್ತರ ಬಂದಿಲ್ಲ. ನೋಟಿಸೂ ಇಲ್ಲ. ಗೂಡಿನಲ್ಲಿ ಅದರ ಒಂದು ಮೂಲೆ ಮಾತ್ರ, ಮೊಹರಿನ ಸಮೇತ, ದೊರೆತಿದೆ. ಔಷಧದ ಮೇಲಿದ್ದೂ ಸದರಿ ಇಲಿಯು ಮನಸ್ಸಾರೆ ತಿಂದ ಏಕೈಕ ವಸ್ತು ಇದಾಗಿರುವುದರಿಂದ, ಸರ್ಕಾರಿ ಕಾಗದವನ್ನು ಹಸಿವು ಹೆಚ್ಚಿಸುವ ಪದಾರ್ಥಗಳ ಪಟ್ಟಿಗೆ ಸೇರಿಸಬೇಕೇ ಎಂದು ಡಾಕ್ಟರನ್ನು ಕೇಳಲಾಗಿದೆ.

8. ಇನ್ನು ಮುಂದೆ ಹೊಟ್ಟನ್ನು ಚೀಲಕ್ಕೆ ಹಾಕುವ ಮುನ್ನ ಜರಡಿ ಹಿಡಿಯತಕ್ಕದ್ದು. ಜರಡಿ ಸರಬರಾಜಾಗುವವರೆಗೆ ಊಟದಮ್ಮನವರ ಮನೆಯ ಜರಡಿಯನ್ನು ಬಳಸಲಾಗುವುದು. ಅವರ ಸೊಸೆ "ಅತ್ತೇ, ಅದನ್ನ ಇನ್ನು ಮನೆಗೆ ತರಬೇಡಿ" ಎಂದು ಹೇಳಿರುವುದರಿಂದ ಅದನ್ನು ಹಿಂತಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

9. ಊಟದಮ್ಮನವರು ಓಲೈಸದಂತೆ ನೋಡಿಕೊಳ್ಳಲು ಒಬ್ಬ ಕಾವಲಿನವರನ್ನು ನೇಮಿಸಲಾಗಿತ್ತು. ಸದರಿ ಕಾವಲಿನವರು ಎರಡನೇ ದಿನವೇ ಮೋಡಾ ಕೇಳಿ ಪಡೆದಿದ್ದಾರೆ. ಅವರನ್ನು ಪರಿಶೀಲಿಸಲು ಮೇಲಿನ ಅಂತಸ್ತಿನಿಂದ ತಪಾಸಣೆಯವರು ಬಂದರು. ಇವರು ಬಹಳ ಬಿಗಿ ಮನುಷ್ಯರು. ಸ್ವಂತ ಅಣ್ಣನ ರಜೆ ಅರ್ಜಿಯನ್ನೇ ತಿರಸ್ಕರಿಸಿದವರು. "ಯಾವುದೇ ಬಲವಂತ ಕಂಡುಬಂದಿಲ್ಲ" ಎಂದು ವರದಿ ಕೊಟ್ಟಿದ್ದಾರೆ. ಆದರೆ ಅವರೇ ಹಿರೀ ಅಳಿಯನ ಗೂಡಿನ ಮುಂದೆ ಮಂಡಿಯೂರಿ, "ನಾನು ಇಷ್ಟು ದೂರ ಇಳಿದು ಬಂದಿದೀನಿ ಅಂತಾದ್ರೂ ಒಂದು ಚೂರು ಮುಟ್ಟೋ. ನನ್ನ ಮರ್ಯಾದೆ ಪ್ರಶ್ನೆ" ಎಂದದ್ದನ್ನು ಹೊಟ್ಟಿನಣ್ಣ ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಂಡದ್ದಕ್ಕೆ ಹೊಟ್ಟಿನಣ್ಣನಿಗೆ ಎಚ್ಚರಿಕೆ ನೀಡಲಾಗಿದೆ.

10. ಈ ಮೇಲಿನ ನಿಯಮಗಳನ್ನೆಲ್ಲ ಪಾಲಿಸಿದರೆ ಏನಾಗುತ್ತದೆ ಎಂದು ಊಟದಮ್ಮನವರು ಕೇಳಿದ್ದಾರೆ. ಉತ್ತರ ಈ ಕೆಳಗಿನಂತಿದೆ. ಅಳಿಯಂದಿರು ಬಚ್ಚಿಡುವುದನ್ನು ನಿಲ್ಲಿಸುತ್ತಾರೆ. ಅವರು ತಿನ್ನುತ್ತಿಲ್ಲ ಎಂಬ ಸತ್ಯ ಬಟ್ಟಲಿನಲ್ಲೇ ಕಾಣುತ್ತದೆ. ಆ ಸತ್ಯವನ್ನು ತೂಗಿ ಭಾವಮೈದುನರಿಗೆ ಕೊಡಲಾಗುತ್ತದೆ. ಆಗ ಎರಡೂ ಸಾಲು ಒಣಗುತ್ತವೆ. ಪ್ರಯೋಗ ಸರಿಯಾಗುತ್ತದೆ. ಇದನ್ನು ಕೇಳಿ ಅವರು, "ಸರಿಯಾಗೋದು ಅಂದ್ರೆ ಇದಾ?" ಎಂದರು. ಇದು ಅವರ ಎರಡನೇ ಪ್ರಶ್ನೆಯಾದ್ದರಿಂದ ಪ್ರತ್ಯೇಕ ಅರ್ಜಿ ಸಲ್ಲಿಸಲು ತಿಳಿಸಲಾಗಿದೆ. ಸಲ್ಲಿಸಿದ್ದಾರೆ. ಅದು ಈ ಶಾಖೆಯ ಮೇಜಿನ ಮೇಲೇ ಇದೆ. ಪ್ರತಿದಿನ ಕಣ್ಣಿಗೆ ಬೀಳುತ್ತದೆ.

11. ಉಲ್ಲೇಖ (3)ರ ಪತ್ರದ ಬಗ್ಗೆ. ಬಚ್ಚಿಟ್ಟ ತಿನಿಸು ಸಿಕ್ಕಿದ ದಿನವೇ, ಅಂದರೆ ಹೋದ ವಾರದ ಹೊಟ್ಟು ಬದಲಾವಣೆಯ ದಿನ, ನಡೆದದ್ದನ್ನು ನಡೆದ ಹಾಗೆ ಬರೆದು, ಔಷಧ ನಿಲ್ಲಿಸಿ ಎರಡೂ ಸಾಲಿಗೆ ಹೊಟ್ಟೆ ತುಂಬ ಹಾಕಲು ಅನುಮತಿ ಕೋರಿ ಪ್ರಾಣಿ ಯೋಗಕ್ಷೇಮ ಮಂಡಳಿಗೆ ಪತ್ರ ಸಿದ್ಧಪಡಿಸಲಾಗಿತ್ತು. ಹೊರಗೆ ಹೋಗುವ ಪತ್ರಕ್ಕೆ ಮುಖ್ಯಸ್ಥರ ಸಹಿ ಬೇಕು. ಅದು ಈ ಕೆಳಗಿನ ಕಾರಣಗಳಿಗಾಗಿ ದೊರೆತಿಲ್ಲ:
(ಅ) ಪತ್ರದಲ್ಲಿ ಇಲಿಗಳ ಇಂದಿನ ತೂಕ ಇರಬೇಕು ಎಂದರು. ಟೈಪು ಮಾಡಿ ಮೇಲೆ ಒಯ್ಯುವಷ್ಟರಲ್ಲಿ ನಾಳೆಯಾಗಿ, ತೂಕ ಇನ್ನಷ್ಟು ಇಳಿದಿರುತ್ತದೆ. ಮತ್ತೆ ಟೈಪು ಮಾಡಬೇಕು. ಇಲಿ ಇಳಿಯುವುದು ನಿಂತ ಮೇಲೆ ತರಲು ಸೂಚಿಸಿದರು. ಇಲಿ ಇಳಿಯುವುದು ಯಾವಾಗ ನಿಲ್ಲುತ್ತದೆ ಎಂಬುದನ್ನು ಅವರಿಗೆ ವಿವರಿಸಲಾಯಿತು. ಅವರು ಕಿಟಕಿಯಾಚೆ ನೋಡಿದರು.
(ಆ) "ಬಚ್ಚಿಟ್ಟ" ಎಂಬ ಪದ ಸಂಸ್ಥೆಯ ಘನತೆಗೆ ತಕ್ಕದ್ದಲ್ಲ, "ಮುಂಜಾಗ್ರತೆಯಾಗಿ ದಾಸ್ತಾನಿಟ್ಟ" ಎಂದಿರಲಿ ಎಂದರು. ಹಾಗೇ ಬದಲಿಸಲಾಯಿತು. ಈಗ ಇಲಿಗಳು ತುಂಬ ಬುದ್ಧಿವಂತರಂತೆ ಕಾಣುತ್ತವೆ, ಅದೂ ಬೇಡ ಎಂದರು.
(ಇ) ಅತಿಥಿಗಳು ಬಂದು ಹೋಗಲಿ ಎಂದರು. ಅವರ ಮಾತಿನಲ್ಲೇ ಹೇಳುವುದಾದರೆ: "ಕಳಿಸೋಣಮ್ಮ, ಕಳಿಸೋಣ. ಬೇಡ ಅಂದೆನಾ? ಪತ್ರ ಎಲ್ಲಿಗೆ ಓಡಿಹೋಗುತ್ತೆ?" ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದೇ ಈ ಶಾಖೆಯ ಚಿಂತೆ ಎಂದು ನಿವೇದಿಸಲಾಯಿತು. "ಕಲ್ಲು ಬೇರೆ ಕೆತ್ತಿಸಿಬಿಟ್ಟಿದೀವಲ್ಲಮ್ಮ" ಎಂದರು. ಆ ಮಾತು ಹೇಳುವಾಗ ಅವರ ದನಿ ಊಟದಮ್ಮನವರ ದನಿಯಷ್ಟೇ ಸಣ್ಣಗಾಗಿತ್ತು ಎಂಬುದನ್ನೂ ದಾಖಲಿಸಲಾಗಿದೆ. ಅವರು ಕೆಟ್ಟವರಲ್ಲ. ಕಲ್ಲಿನ ಮೇಲೆ ಹೆಸರಿದೆ, ಅಷ್ಟೇ.

12. ಮೇಲಿನ ಕಾರಣಗಳಿಂದಾಗಿ, ಈ ಸುತ್ತೋಲೆ ಟೈಪು ಮಾಡುವ ವೇಳೆಯಲ್ಲಿ, ಕಚೇರಿ ನಡೆವಳಿಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಲಾಯಿತು. ಹೊರಗೆ ಹೋಗುವ ಪತ್ರಕ್ಕೆ ಮುಖ್ಯಸ್ಥರ ಸಹಿ ಬೇಕೆಂಬುದು ನಿಜ. ಸುತ್ತೋಲೆಗೆ ಬೇಡ, ಶಾಖೆಯ ಸಹಿ ಸಾಕು. ಸುತ್ತೋಲೆಗೆ ಲಗತ್ತು ಇರಬಹುದು. ಲಗತ್ತು ಏನಾಗಿರಬೇಕು, ಯಾರ ವಿಳಾಸಕ್ಕಿರಬೇಕು, ಸುತ್ತೋಲೆಗಿಂತ ಮುಖ್ಯವಾಗಿರಬಹುದೇ ಎಂಬ ಬಗ್ಗೆ ಪುಸ್ತಕ ಏನೂ ಹೇಳುವುದಿಲ್ಲ. ಏನೂ ಹೇಳದಿದ್ದಲ್ಲಿ ಶಾಖೆಯು ತನಗೆ ತೋಚಿದಂತೆ ಮಾಡತಕ್ಕದ್ದು ಎಂದು ಅದೇ ಪುಸ್ತಕದ ಕೊನೇ ಪುಟದಲ್ಲಿದೆ. ಆ ಪುಟ ಇನ್ನೂ ಅಂಟಿಕೊಂಡೇ ಇತ್ತು; ಚಾಕುವಿನಿಂದ ಬಿಡಿಸಬೇಕಾಯಿತು.

13. ಮಂಡಳಿಗೆ ಪತ್ರ ಹೊರಟ ಕ್ಷಣದಿಂದ ಮಂಡಳಿಯ ಉತ್ತರ ಬರುವವರೆಗೆ ಔಷಧ ಕೊಡುವಂತಿಲ್ಲ, ಪ್ರಾಣಿಗಳಿಗೆ ಬೇಕಾದಷ್ಟು ತಿನಿಸು ಹಾಕತಕ್ಕದ್ದು ಎಂಬುದು ಮಂಡಳಿಯದೇ ನಿಯಮ. ಆದ್ದರಿಂದ ಸೋಮವಾರದ ಔಷಧವನ್ನು ಉಗ್ರಾಣಕ್ಕೆ ಹಿಂತಿರುಗಿಸಲಾಗಿದೆ. ಮಂಡಳಿಯ ಉತ್ತರ ಯಾವಾಗ ಬರುತ್ತದೆ ಎಂದು ಡಾಕ್ಟರು ಗಾಬರಿಯಿಂದ ಕೇಳಿದ್ದಾರೆ. ಹಿಂದೆ ಒಂದು ಮೊಲದ ಬಗ್ಗೆ ಬರೆಯಲಾಗಿತ್ತು. ಉತ್ತರ ಬಂದಾಗ ಸದರಿ ಮೊಲವು ಮಕ್ಕಳು ಮೊಮ್ಮಕ್ಕಳನ್ನು ಕಂಡು, ವಯಸ್ಸಾಗಿ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡಿತ್ತು. ಮಂಡಳಿಯ ಕಾರ್ಯವೈಖರಿಯ ಬಗ್ಗೆ ಈ ಶಾಖೆಯಲ್ಲಿ ಯಾರೂ ದೂರತಕ್ಕದ್ದಲ್ಲ.

14. ಔಷಧದ ಪ್ರಭಾವ ಪೂರ್ತಿ ಇಳಿಯುವವರೆಗೆ ಅಳಿಯಂದಿರಿಗೆ ತಾವಾಗಿ ಹಸಿವಾಗದೇ ಇರಬಹುದು. ಈ ಅವಧಿಗೆ ಮಾತ್ರ ಸೀಮಿತವಾಗಿ ನಿಯಮ 1ರಿಂದ 6ರವರೆಗಿನವುಗಳನ್ನು ಸಡಿಲಿಸಲಾಗಿದೆ. ಬೆಕ್ಕಿನ ಬೆದರಿಕೆಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ. ಮೋಡಾಗಳು ಸಾಲದ ಕಾರಣ ಸರದಿಯ ಮೇಲೆ ಕೂರತಕ್ಕದ್ದು. ತಪಾಸಣೆಯವರು ಮೊದಲ ಸರದಿ ಕೇಳಿದ್ದಾರೆ. ಅವರಿಗೆ ಮೂರನೆಯದನ್ನು ಮಂಜೂರು ಮಾಡಲಾಗಿದೆ.

ಈ ಸುತ್ತೋಲೆಯನ್ನು ಓದಿದವರು ಓದಿದ್ದೇವೆಂದು ಸಹಿ ಮಾಡತಕ್ಕದ್ದು. ಓದದವರು ಓದಿದವರನ್ನು ಕೇಳಿಕೊಂಡು ಸಹಿ ಮಾಡತಕ್ಕದ್ದು.

(ಸಹಿ)
ಅಧೀಕ್ಷಕಿ
ಪ್ರಾಣಿ ಉಪಚಾರ ಶಾಖೆ, ಕೆಳ ಅಂತಸ್ತು

ಲಗತ್ತು: ಒಂದು.

ಪ್ರತಿಗಳು:

1. ಊಟದಮ್ಮನವರಿಗೆ, ಪಾಲಿಸುವ ಸಲುವಾಗಿ, ಪಾಲಿಸುವುದಿಲ್ಲವೆಂಬ ತಿಳಿವಳಿಕೆಯೊಂದಿಗೆ.
2. ಡಾಕ್ಟರಿಗೆ, ಹೊಸ ಗ್ರಾಫು ಹಾಳೆಗಳ ಸಮೇತ. ಔಷಧ ಹಸಿವನ್ನು ನಿಜಕ್ಕೂ ತಗ್ಗಿಸುತ್ತದೆ ಎಂಬುದು ಈಗ ಖಚಿತವಾಗಿರುವುದರಿಂದ ಅವರು ಅಳಬೇಕಾಗಿಲ್ಲ.
3. ಉಗ್ರಾಣದವರಿಗೆ, ತಮ್ಮ ಮುಖವನ್ನು ಸ್ವಂತ ಬಳಕೆಗೆ ಹಿಂಪಡೆಯಲು.
4. ಕಲ್ಲು ಕೆತ್ತುವವರಿಗೆ, ಹಿಂಬದಿ ಖಾಲಿ ಇದೆಯೇ ಎಂದು ತಿಳಿಸಲು.
5. ಹಿರೀ ಅಳಿಯನ ಗೂಡಿಗೆ, ತಿನ್ನಲು. (ಈ ಪ್ರತಿಗೆ ಪಿನ್ನು ಹಾಕಿರುವುದಿಲ್ಲ.)
6. ಮುಖ್ಯಸ್ಥರಿಗೆ, ಅವರ "ಆಮೇಲೆ ನೋಡೋಣ" ಎಂಬ ತಟ್ಟೆಯಲ್ಲಿ, ಎಲ್ಲಕ್ಕಿಂತ ಕೆಳಗೆ.
7. ಪ್ರಾಣಿ ಯೋಗಕ್ಷೇಮ ಮಂಡಳಿಗೆ, ಲಗತ್ತಿನೊಂದಿಗೆ. ಲಗತ್ತು: ಸದರಿ ಪತ್ರ, "ಬಚ್ಚಿಟ್ಟ" ಎಂಬ ಪದವನ್ನು ಮರಳಿ ಸೇರಿಸಿದ್ದು, ತೂಕದ ಜಾಗದಲ್ಲಿ "ಇನ್ನೂ ಬದುಕಿವೆ" ಎಂದು ಕೈಯಲ್ಲಿ ಬರೆದದ್ದು. (ಕಚೇರಿ ಪ್ರತಿಯಲ್ಲಿ ಆಮೇಲೆ ಸೇರಿಸಿದ್ದು:) ಮಧ್ಯಾಹ್ನದ ಅಂಚೆ ಹೊರಡುವ ಮೊದಲು ಹೊಟ್ಟಿನಣ್ಣ ಹೋಗಿ ಡಬ್ಬಿಗೆ ಹಾಕಿ ಬಂದಿದ್ದಾನೆ. ಒಳಗೆ ಬಿತ್ತೋ ಇಲ್ಲವೋ ನೋಡಿದೆಯಾ ಎಂದು ಕೇಳಲಾಗಿ, "ಬಿದ್ದ ಸದ್ದೂ ಕೇಳಿಸ್ತಮ್ಮಾ. ಆದ್ರೂ ಇರಲಿ ಅಂತ, ಅಂಚೆಯವನು ಬಂದು ಚೀಲಕ್ಕೆ ಸುರಿದುಕೊಂಡು ಸೈಕಲ್ ಹತ್ತೋವರೆಗೂ ಅಲ್ಲೇ ನಿಂತಿದ್ದೆ" ಎಂದು ವರದಿ ಮಾಡಿದ್ದಾನೆ.